ಅಳತೆಕೋಲಿನ ಹೊಟ್ಟೆಕಿಚ್ಚು

ನನ್ನ ದೊಡ್ಡತ್ತಿಗೆ ಪಾತ್ರೆ ನೋಡದೆ ನೀರು ಸುರಿದವಳಲ್ಲ. ಹಾಲು ಬಗ್ಗಿಸುವ ಮೊದಲು ಕೆಳಗಿನ ಪಾತ್ರೆಯನ್ನು ಎತ್ತಿ, ಒಳಗೆ ಇಣುಕಿ, ಇಷ್ಟು ಹಿಡಿಯುತ್ತದೆ ಎಂದು ಖಾತ್ರಿಯಾದ ಮೇಲೇ ಕೈ ಬಗ್ಗುವುದು. ಮನೆಗೊಂದು ಕಪಾಟು ಬೇಕೆಂದರೆ ನನ್ನ ದೊಡ್ಡಣ್ಣ ಅಂಗಡಿಯ ದಾರಿ ಹಿಡಿಯುತ್ತಾನೆ, ಇವಳು ಟೇಪು ಹಿಡಿದು ಮೆಟ್ಟಿಲಿನ ತಿರುವು ಅಳೆಯುತ್ತಾ ಕೂರುತ್ತಾಳೆ. ಆಫೀಸಿನಲ್ಲಿ ಅವಳಿಗೆ ‘ಅಳತೆಕೋಲು’ ಎಂದು ಹೆಸರಿಟ್ಟಿದ್ದರು. ಇಟ್ಟವರಿಗೆ ಅದು ಗೇಲಿ, ಅವಳಿಗೆ ಬಿರುದು.

ನಮ್ಮ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಬೇಸಿಗೆಯಲ್ಲಿ ರಬ್ಬರ್ ವಾಸನೆ ಮೆಟ್ಟಿಲು ಹತ್ತಿ ನಮ್ಮ ಊಟದ ಡಬ್ಬಿಯವರೆಗೂ ಬರುತ್ತದೆ. ಅಲ್ಲಿ ಎಂಬ್ರಾಯ್ಡರಿ ಮೆಷಿನ್ನುಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಕಾರ್ಡು ಮತ್ತು ಪ್ರೋಗ್ರಾಮುಗಳನ್ನು ಮಾಡುತ್ತೇವೆ. ‘ಮಾಡುತ್ತೇವೆ’ ಎಂದೆನಲ್ಲ, ನನ್ನ ಪಾಲಿನದು ದಾರ ಪೋಣಿಸುವುದು, ಬಟ್ಟೆಗೆ ಫ್ರೇಮು ಬಿಗಿಯುವುದು, ಮೆಷಿನ್ ಓಡಿಸಿ ನೋಡುವುದು. ಬರೆಯುವವರು ನನ್ನ ಇಬ್ಬರು ಅತ್ತಿಗೆಯರು. ಮನೆಯಲ್ಲೂ ಅವರೇ, ಆಫೀಸಿನಲ್ಲೂ ಅವರೇ. ನಾದಿನಿಯಾಗಿ ನಾನು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ.

ದೊಡ್ಡತ್ತಿಗೆ ಬರೆಯುವುದಕ್ಕೆ ಡ್ರೈವರ್ ಎನ್ನುತ್ತಾರೆ. ಅಮ್ಮ ಒಮ್ಮೆ ಪಕ್ಕದ ಮನೆಯವರ ಹತ್ತಿರ “ನಮ್ಮ ಹಿರೀ ಸೊಸೆ ಡ್ರೈವರ್ ಕೆಲಸ ಮಾಡ್ತಾಳೆ” ಎಂದು ಹೆಮ್ಮೆಯಿಂದ ಹೇಳಿದ್ದಕ್ಕೆ ಅವರು ನಮ್ಮ ಮನೆ ಮುಂದೆ ಬಹಳ ದಿನ ಲಾರಿ ಹುಡುಕಿದ್ದರು. ವಿಷಯ ಇಷ್ಟೆ. ಕಂಪ್ಯೂಟರಿನಲ್ಲಿ ಬಿಡಿಸಿದ ಹೂವು ಮೆಷಿನ್ನಿಗೆ ತಲುಪಬೇಕಾದರೆ ನಡುವೆ ಒಬ್ಬರು ಕೂತು ದಾಟಿಸಬೇಕು. ಹಾಗೆ ದಾಟಿಸುವ ಪ್ರೋಗ್ರಾಮೇ ಡ್ರೈವರ್. ಹೂವು ಒಂದೇ ಸಲ ಬರುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಪ್ರತಿ ಕಂತಿನ ತಲೆಯ ಮೇಲೆ ಒಂದು ಸಂಖ್ಯೆ ಇರುತ್ತದೆ, ನನ್ನ ಹಿಂದೆ ಇಷ್ಟು ಹೊಲಿಗೆಗಳು ಬರುತ್ತಿವೆ ಎಂದು. ಡ್ರೈವರ್ ಅಷ್ಟನ್ನೂ ಮೆಷಿನ್ನಿನ ಡಬ್ಬಿಗೆ ಸುರಿಯುತ್ತದೆ. ಡಬ್ಬಿ ಎಂದರೆ ಮೆಷಿನ್ನಿನ ನೆನಪಿನಲ್ಲಿ ಒಂದಿಷ್ಟು ಜಾಗ, ಅದಕ್ಕೊಂದು ಮಿತಿ. ತಲೆಯ ಸಂಖ್ಯೆ ಮಿತಿ ಮೀರಿದ್ದರೆ ಹೊಲಿಗೆಗಳು ಉಕ್ಕಿ ಪಕ್ಕದ ಡಬ್ಬಿಗೆ ಚೆಲ್ಲುತ್ತವೆ. ಪಕ್ಕದ ಡಬ್ಬಿಯಲ್ಲಿ ಇರುವುದು ಫ್ರೇಮಿನ ಅಂಚು ಎಲ್ಲಿದೆ ಎಂಬ ಲೆಕ್ಕ. ಅದು ಕೆಟ್ಟರೆ ಸೂಜಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಬಟ್ಟೆ ಬಿಟ್ಟು ಕಬ್ಬಿಣದ ಫ್ರೇಮಿಗೆ ಹೋಗಿ ಹೊಡೆದುಕೊಂಡು ಮುರಿಯುತ್ತದೆ.

ಆದ್ದರಿಂದ ಸುರಿಯುವ ಮೊದಲು ಆ ಸಂಖ್ಯೆಯನ್ನು ಪರೀಕ್ಷಿಸಬೇಕು. ಎಲ್ಲರೂ ಒಂದು ಪ್ರಶ್ನೆ ಕೇಳಿ ಬಿಡುವ ಕಡೆ ದೊಡ್ಡತ್ತಿಗೆ ಸಾಲು ಸಾಲು ಕೇಳುತ್ತಿದ್ದಳು. ಸೊನ್ನೆಯೇ? ಸೊನ್ನೆಗಿಂತ ಕೆಳಗೇ? ಡಬ್ಬಿಗಿಂತ ಹೆಚ್ಚೇ? ಹೇಳಿದಷ್ಟು ನಿಜಕ್ಕೂ ಬಂದಿದೆಯೇ? ಯಾವುದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಇಡೀ ಕಂತನ್ನು ವಾಪಸ್ಸು ಅಟ್ಟುವುದು. “ಬಾಗಿಲಲ್ಲೇ ಅಳೆದುಬಿಟ್ರೆ ಒಳಗೆ ನೆಮ್ಮದಿ ಕಣೇ” ಎನ್ನುವುದು ಅವಳ ವೇದಾಂತ. ಅವಳ ಡ್ರೈವರ್ ಹಾಕಿದ ಮೆಷಿನ್ನಿನಲ್ಲಿ ಸೂಜಿ ಮುರಿದದ್ದನ್ನು ಯಾರೂ ಕಂಡಿರಲಿಲ್ಲ. ಆ ಹೆಸರೇ ಅವಳ ಆಸ್ತಿ.

ಇಂಥವಳ ಪಕ್ಕಕ್ಕೆ ಚಿಕ್ಕತ್ತಿಗೆ ಬಂದು ಕೂತಳು. ಚಿಕ್ಕಣ್ಣನ ಹೆಂಡತಿ. ಅವಳನ್ನು ಕೈ ಹಿಡಿದು ಆಫೀಸಿಗೆ ಕರೆತಂದವಳು ದೊಡ್ಡತ್ತಿಗೆಯೇ. “ನನ್ನ ಓರಗಿತ್ತಿ ಸರ್, ನನಗಿಂತ ಒಂದು ಕೈ ಮೇಲೇ” ಎಂದು ಮಾಲೀಕರಿಗೆ ಹೇಳಿದ್ದೂ ಅವಳೇ. ಬಾಯುಪಚಾರಕ್ಕೆ ಹೇಳಿದ ಮಾತು ನಿಜವಾಗಿಬಿಡುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಚಿಕ್ಕತ್ತಿಗೆ ನಗುತ್ತಾ ಕೆಲಸ ಮಾಡುತ್ತಾಳೆ, ಅದೇ ಮೊದಲ ಅಪರಾಧ. ಬೇಗ ಮುಗಿಸುತ್ತಾಳೆ, ಅದು ಎರಡನೆಯದು. ಮುಗಿಸಿದ ಮೇಲೆ ಅಡುಗೆಮನೆಗೆ ಬಂದು ತರಕಾರಿಯನ್ನೂ ಅಷ್ಟೇ ಬೇಗ ಹೆಚ್ಚುತ್ತಾಳೆ. “ಚಿಕ್ಕವಳು ಕೈ ಹಾಕಿದ್ರೆ ಆಯ್ತು, ಕೆಲಸ ಮುಗೀತು ಅಂತಲೇ ಲೆಕ್ಕ” ಎಂದು ಅಮ್ಮ ಒಮ್ಮೆ ಹೇಳಿದ್ದೇ ತಪ್ಪಾಯಿತು. ದೊಡ್ಡತ್ತಿಗೆ ಅಂದಿನಿಂದ ಹೆಚ್ಚಿದ ತುಂಡುಗಳನ್ನು ಎತ್ತಿ ನೋಡತೊಡಗಿದಳು. “ಒಂದು ದಪ್ಪ, ಒಂದು ಸಣ್ಣ. ಬೇಯೋದು ಹೇಗೆ ಒಂದೇ ಸಮ?” ಎಂದು ನನ್ನ ಕಿವಿಯಲ್ಲಿ ಹೇಳುವಳು. ಬೆಂದದ್ದು ಒಂದೇ ಸಮ. ಅದನ್ನು ತಿನ್ನುವಾಗ ಅವಳ ಮುಖ ನೋಡಬೇಕಿತ್ತು.

ಚಿಕ್ಕತ್ತಿಗೆಗೆ ನೆಗಡಿಯಾದಾಗ ಇಡೀ ಆಫೀಸು ವಿಚಾರಿಸಿತು. ಮಾಲೀಕರು ಫ್ಯಾನು ತಿರುಗಿಸಿ ಇಡಿಸಿದರು. ಮರುವಾರ ದೊಡ್ಡತ್ತಿಗೆ ಸೀನಿದಳು, ಯಾರೂ ತಲೆ ಎತ್ತಲಿಲ್ಲ. ಆ ಸೀನನ್ನು ಅವಳು ಇವತ್ತಿಗೂ ಮರೆತಿಲ್ಲ. ಎರಡು ಜಡೆ ಸೇರುವುದಿಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಸೇರಲು ಒಂದು ಜಡೆ ಸದಾ ಸಿದ್ಧವಿತ್ತು. ಅದೇ ಇನ್ನೊಂದಕ್ಕೆ ಸಹಿಸಲಾಗದ ವಿಷಯ. ಜಗಳಕ್ಕೆ ಬರುವವಳಾದರೆ ಜಗಳವಾಡಬಹುದು. “ಅಕ್ಕ, ಇದು ನೀವು ಹೇಗೆ ಬರೀತಿದ್ರಿ?” ಎಂದು ಕೇಳಿಕೊಂಡು ಬರುವವಳನ್ನು ಏನು ಮಾಡುವುದು?

ಹೀಗಿರುವಾಗ ಆಫೀಸಿನ ಹಿರಿಯ ಇಂಜಿನಿಯರು ಕೆಲಸ ಬಿಡುವ ಸುದ್ದಿ ಬಂತು. ಕಿಟಕಿ ಪಕ್ಕದ ಗಾಜಿನ ಕೋಣೆ, ಅದರೊಳಗಿನ ಕುರ್ಚಿ ಖಾಲಿಯಾಗುವುದಿತ್ತು. ದೊಡ್ಡತ್ತಿಗೆ ಇಷ್ಟು ವರ್ಷ ಯಾರಿಗೂ ಹೇಳದೆ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದಳು. ನನಗೆ ಗೊತ್ತಾದದ್ದು ಹೇಗೆಂದರೆ, ಒಂದು ಮಧ್ಯಾಹ್ನ ಆ ಕೋಣೆಯಲ್ಲಿ ಯಾರೂ ಇಲ್ಲದಾಗ ಅವಳು ಗೇಣಿನಲ್ಲಿ ಮೇಜು ಅಳೆಯುತ್ತಿದ್ದುದನ್ನು ಕಂಡೆ. ಅಲ್ಲಿ ಕೂರುವುದು ಇಬ್ಬರಲ್ಲಿ ಒಬ್ಬರು ಎಂದು ಮಾಲೀಕರು ಹೇಳಿದರು. ಎರಡನೆಯ ಹೆಸರು ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಆ ತಿಂಗಳಲ್ಲೇ ಚಿಕ್ಕತ್ತಿಗೆ ಹೊಸದೊಂದನ್ನು ಮಾಡಿ ತೋರಿಸಿದಳು. ಡಿಸೈನ್ ಮೆಷಿನ್ನಿಗೆ ಹೋಗುತ್ತಿರುವಾಗಲೇ ಅದಕ್ಕೆ ಎಲೆ ಸೇರಿಸಬಹುದು, ಹೂವನ್ನು ದೊಡ್ಡದು ಮಾಡಬಹುದು, ನಿಲ್ಲಿಸಿ ಮೊದಲಿನಿಂದ ಕಳಿಸಬೇಕಾಗಿಲ್ಲ. ನಮ್ಮ ದೊಡ್ಡ ಗಿರಾಕಿ, ಸಿದ್ಧ ಉಡುಪಿನ ಕಾರ್ಖಾನೆಯ ಯಜಮಾನಿ, ನೋಡಿ ಚಪ್ಪಾಳೆ ತಟ್ಟಿಬಿಟ್ಟರು. ದೊಡ್ಡತ್ತಿಗೆಯೂ ತಟ್ಟಿದಳು. ಅವಳ ಎರಡು ಅಂಗೈ ಒಂದಕ್ಕೊಂದು ತಾಗಲೇ ಇಲ್ಲ ಎಂಬುದನ್ನು ಪಕ್ಕದಲ್ಲಿದ್ದ ನಾನೊಬ್ಬಳೇ ನೋಡಿದೆ. ಆ ಸಂಜೆ ಮನೆಗೆ ಬಂದವಳೇ ತಲೆನೋವೆಂದು ಮಲಗಿದಳು. ಹೊಟ್ಟೆ ಉರಿಯುವವರಿಗೆ ತಲೆ ಯಾಕೆ ನೋಯುತ್ತದೋ ದೇವರೇ ಬಲ್ಲ.

ಹೊಸ ಸೌಲಭ್ಯ ಗಿರಾಕಿಯ ಕಾರ್ಖಾನೆಗೆ ಹೋಯಿತು. ಕೆಲವೇ ದಿನಗಳಲ್ಲಿ ಫೋನು ಬಂತು. ಸೂಜಿ ಮುರಿದಿದೆ. ಮುರಿದ ತುದಿ ಸಿಡಿದು ಮೆಷಿನ್ ನಡೆಸುವ ಹೆಂಗಸಿನ ಕೆನ್ನೆಯ ಪಕ್ಕದಿಂದ ಹಾರಿ ಹೋಗಿದೆ. ಆಕೆ ಇನ್ನು ಆ ಮೆಷಿನ್ನಿನ ಮುಂದೆ ಕೂರುವುದಿಲ್ಲ ಎಂದು ಎದ್ದು ಹೋಗಿದ್ದಾಳೆ. ಅದಾದ ಮೇಲೆ ಇನ್ನೊಂದು ಮೆಷಿನ್ನಿನಲ್ಲೂ ಅದೇ ಕಥೆ.

ಮಾಲೀಕರು ಎಲ್ಲರನ್ನೂ ಕರೆದರು. “ಡಬ್ಬಿ ತುಂಬಿ ಚೆಲ್ಲಿದೆ, ಅದಂತೂ ಖಂಡಿತ. ಯಾರ ಕಡೆಯಿಂದ?” ಎಂದರು.

ದೊಡ್ಡತ್ತಿಗೆ ಕಾಯುತ್ತಲೇ ಇದ್ದಳು. “ಸರ್, ನನ್ನ ಬಾಗಿಲಲ್ಲಿ ಅಳೆಯದೆ ಒಂದು ಹೊಲಿಗೆನೂ ಒಳಗೆ ಹೋಗಲ್ಲ. ಇಷ್ಟು ವರ್ಷ ಮುರೀದ ಸೂಜಿ ಈಗ ಯಾಕೆ ಮುರೀತು? ಹೊಸದಾಗಿ ಬಂದಿದ್ದೇನು ಅಂತ ನೋಡಿ, ಸಾಕು.”

ಎಲ್ಲರೂ ಚಿಕ್ಕತ್ತಿಗೆಯ ಕಡೆ ತಿರುಗಿದರು. ಅವಳು ಏನೋ ಹೇಳಲು ಬಾಯಿ ತೆರೆದಳು. ದೊಡ್ಡತ್ತಿಗೆಯ ಮುಖ ನೋಡಿದಳು. ಬಾಯಿ ಮುಚ್ಚಿದಳು. ಮತ್ತೆ ತೆರೆದಾಗ ಬಂದ ಮಾತು ಬೇರೆಯೇ. “ಇರಬಹುದು ಸರ್. ಸದ್ಯಕ್ಕೆ ನಂದನ್ನ ತೆಗೆದುಬಿಡ್ತೀನಿ.”

ತೆಗೆದಳು. ಸೂಜಿ ಮುರಿಯುವುದು ನಿಂತಿತು. ಇದಕ್ಕಿಂತ ಸಾಕ್ಷಿ ಬೇಕೆ? ಮುಂದಿನ ಸೋಮವಾರದಿಂದ ಗಾಜಿನ ಕೋಣೆ ದೊಡ್ಡತ್ತಿಗೆಗೆ ಎಂದು ಮಾಲೀಕರು ಸಾರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಎಮ್ಮೆಗೆ ಮಾತ್ರ ತಿಳಿದಿತ್ತು.

ಆ ವಾರ ದೊಡ್ಡತ್ತಿಗೆ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ಚಿಕ್ಕತ್ತಿಗೆಗೆ ಬುದ್ಧಿಮಾತು ಹೇಳಿದಳು. “ಎಲ್ಲರೂ ತಪ್ಪು ಮಾಡ್ತಾರೆ, ಬೇಜಾರು ಮಾಡ್ಕೋಬೇಡ ಕಣೇ” ಎಂದು ಅಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಆದರೆ ಚಿಕ್ಕತ್ತಿಗೆ ಬೇಜಾರೇ ಮಾಡಿಕೊಂಡಿರಲಿಲ್ಲ. ಹೊಟ್ಟೆ ತುಂಬ ಉಂಡಳು, ಟಿವಿ ನೋಡಿ ನಕ್ಕಳು, ಮಲಗಿದ ಕೂಡಲೇ ಗೊರಕೆ ಹೊಡೆದಳು. ಸೋತವಳು ಸೋತಂತೆ ಕಾಣದಿದ್ದರೆ ಗೆದ್ದವಳಿಗೆ ಏನು ಸುಖ? ಎರಡೇ ದಿನಕ್ಕೆ ದೊಡ್ಡತ್ತಿಗೆಯ ಹಾಡು ನಿಂತಿತು.

“ಅವಳಿಗೆ ತಾನು ಮಾಡಿದ್ದೇನು ಅಂತ ಇನ್ನೂ ಅರ್ಥವಾಗಿಲ್ಲ” ಎಂದಳು ನನಗೆ. “ಅರ್ಥ ಮಾಡಿಸ್ತೀನಿ, ಎಲ್ಲರ ಮುಂದೆ.”

ಅವಳ ಉಪಾಯ ಹೀಗಿತ್ತು. ಒಂದು ಪುಟ್ಟ ಸುಳ್ಳುಗಾರ ಪ್ರೋಗ್ರಾಮು ಬರೆಯುವುದು. ಅದು ಮೊದಲು ತಲೆಯ ಮೇಲೆ ಚಿಕ್ಕ ಸಂಖ್ಯೆ ಇಟ್ಟು, ಕಳಿಸುವ ನಡುವೆಯೇ ಅದನ್ನು ದೊಡ್ಡದು ಮಾಡುತ್ತದೆ, ಚಿಕ್ಕತ್ತಿಗೆಯ ಹೊಸ ಸೌಲಭ್ಯ ಮಾಡುತ್ತಿದ್ದ ಹಾಗೆಯೇ. ತನ್ನ ಡ್ರೈವರ್ ಅದನ್ನು ಹಿಡಿದು ಹೊರಗೆ ಅಟ್ಟುವುದನ್ನು ಗಿರಾಕಿಯ ಎದುರು ತೋರಿಸುವುದು. ಆಗ ತಪ್ಪು ಎಲ್ಲಿತ್ತೆಂದು ಕುರುಡರಿಗೂ ಕಾಣುತ್ತದಲ್ಲ? ಹಾಗೆ ತೋರಿಸುವ ಮೊದಲು ಒಮ್ಮೆ ತಾಲೀಮು ನಡೆಸಲು, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ನನ್ನನ್ನು ಮೆಷಿನ್ನಿನ ಬಳಿ ಕರೆದಳು.

ನಾನು ಬಿಳಿ ಬಟ್ಟೆಗೆ ಫ್ರೇಮು ಬಿಗಿದು, ಕೆಂಪು ದಾರ ಪೋಣಿಸಿ, ಕಣ್ಣಿಗೆ ಕನ್ನಡಕ ಹಾಕಿ ದೂರ ನಿಂತೆ. ಅವಳು ಸುಳ್ಳುಗಾರನನ್ನು ಬಿಟ್ಟಳು. ಮೆಷಿನ್ ಒಂದು ಪುಟ್ಟ ಹೂವು ಹೊಲಿದು ಸುಮ್ಮನಾಯಿತು. “ನೋಡಿದ್ಯಾ?” ಎಂದಳು. ಮತ್ತೆ ಬಿಟ್ಟಳು. ಈ ಸಲ ಡ್ರೈವರ್ ಕಂತನ್ನೇ ವಾಪಸ್ಸು ಅಟ್ಟಿತು. “ನೋಡಿದ್ಯಾ?” ಮತ್ತೆ. ಮತ್ತೆ. ಹುಬ್ಬು ಏರುತ್ತಲೇ ಹೋಯಿತು. ಇನ್ನು ಸಾಕು ಎಂದು ನಾನು ಕನ್ನಡಕ ತೆಗೆಯಲು ಕೈ ಎತ್ತಿದಾಗ ಫ್ರೇಮು ಗಕ್ಕನೆ ಒಂದು ಬದಿಗೆ ಎಳೆದುಕೊಂಡಿತು. ಸೂಜಿ ಕಬ್ಬಿಣಕ್ಕೆ ಹೊಡೆದು ಟಣ್ ಎಂದಿತು. ತುದಿ ಎಲ್ಲಿ ಹಾರಿತೋ ಕಾಣಲಿಲ್ಲ.

ದೊಡ್ಡತ್ತಿಗೆ “ನೋಡಿದ್ಯಾ” ಎನ್ನಲಿಲ್ಲ. ಪರದೆಯ ಮುಂದೆ ಕೂತು ತಾನು ಬರೆದಿದ್ದನ್ನು ಬೆರಳಿಟ್ಟು ಓದತೊಡಗಿದಳು. ಅವಳ ಪ್ರಶ್ನೆಗಳ ಸಾಲು ಅಲ್ಲೇ ಇತ್ತು, ಒಂದೂ ಬಿಟ್ಟಿರಲಿಲ್ಲ. ಬೆರಳು ಕೆಳಗಿಳಿಯಿತು. ಸುರಿಯುವ ಸಾಲಿನ ಹತ್ತಿರ ನಿಂತಿತು. ಅಲ್ಲಿಂದ ಅಲುಗಾಡಲಿಲ್ಲ.

“ಏನತ್ತಿಗೆ?” ಎಂದೆ.

“ಎರಡು ಸಲ ಓದಿದೀನಿ” ಎಂದಳು. “ಬಾಗಿಲಲ್ಲಿ ಒಂದು ಸಲ ಸಂಖ್ಯೆ ಓದಿ ಅಳೆದೆ. ಸುರಿಯೋವಾಗ ಅದನ್ನ ಬಳಸಲಿಲ್ಲ. ಮತ್ತೆ ಕಂತಿನ ತಲೆಗೇ ಹೋಗಿ ಇನ್ನೊಂದು ಸಲ ಓದಿದೆ. ಅಷ್ಟರೊಳಗೆ ಅದು ಬದಲಾಗಿರಬಹುದು ಅಂತ ನಂಗೆ ಹೊಳೀಲೇ ಇಲ್ಲ.”

ಅಷ್ಟೇ. ಬಾಗಿಲಲ್ಲಿ ಅತಿಥಿಯ ಚೀಲ ತಡಕಿ ನೋಡಿ, ಒಳಗೆ ಬಿಟ್ಟ ಮೇಲೆ ಚೀಲದಲ್ಲೇನಿದೆ ಎಂದು ಅವನನ್ನೇ ಕೇಳಿ, ಅವನು ಹೇಳಿದ್ದನ್ನು ನಂಬಿದ ಹಾಗೆ. ಹಿಂದೆ ಯಾರೂ ನಡುವೆ ಸಂಖ್ಯೆ ಬದಲಿಸುತ್ತಿರಲಿಲ್ಲ, ಹಾಗಾಗಿ ಬೇಲಿಯ ತೂತು ಕಂಡಿರಲಿಲ್ಲ. ಈಗಲೂ ಬದಲಾವಣೆ ಸರಿಯಾಗಿ ಆ ಎರಡು ಓದಿನ ನಡುವೆ ಬಿದ್ದಾಗ ಮಾತ್ರ ಡಬ್ಬಿ ಉಕ್ಕುತ್ತಿತ್ತು. ಊರಿಗೆಲ್ಲ ಅಳತೆ ಹೇಳುವವಳು ಅಳೆದದ್ದನ್ನೇ ಬಿಟ್ಟು ಅಳೆಯದ್ದನ್ನು ಬಳಸಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಅವಳ ಮುಖ ನೋಡಿ ನುಂಗಿಕೊಂಡೆ.

ಬೆನ್ನ ಹಿಂದೆ ಚಿಕ್ಕತ್ತಿಗೆ ನಿಂತಿದ್ದಳು. ಕೈಯಲ್ಲಿ ತೊಳೆದ ಊಟದ ಡಬ್ಬಿ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮುರಿದ ಸೂಜಿ ನೋಡಿದಳು, ಪರದೆ ನೋಡಿದಳು. ಆಶ್ಚರ್ಯಪಡಲಿಲ್ಲ. ಅದು ದೊಡ್ಡತ್ತಿಗೆಯ ಕಣ್ಣಿಗೆ ಬಿತ್ತು.

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು ಅಕ್ಕ.”

“ಯಾವಾಗಿಂದ?”

“ಆ ಕಾರ್ಖಾನೆಯಿಂದ ಫೋನ್ ಬಂತಲ್ಲ, ಅವತ್ತೇ ಹುಡುಕಿದೆ.”

“ಮೀಟಿಂಗಲ್ಲಿ ಯಾಕೆ ಬಾಯಿ ಬಿಡಲಿಲ್ಲ? ತಪ್ಪು ನಿನ್ನ ತಲೆ ಮೇಲೆ ಬರ್ತಿತ್ತಲ್ಲೇ!”

ಚಿಕ್ಕತ್ತಿಗೆ ಡಬ್ಬಿಯ ನೀರನ್ನು ಸೆರಗಿಗೆ ಒರೆಸಿದಳು. “ನಂದನ್ನ ತೆಗೆದ್ರೆ ಯಾರಿಗೂ ಅಪಾಯ ಇರಲಿಲ್ಲ. ನೀವು ಆ ಕೋಣೇಲಿ ಕೂತ ಮೇಲೆ ನಿಧಾನಕ್ಕೆ ಹೇಳೋಣ, ಇಬ್ರೂ ಸೇರಿ ಸರಿ ಮಾಡೋಣ ಅಂತಿದ್ದೆ. ನಿಮಗೆ ಆ ಕುರ್ಚಿ ಎಷ್ಟು ಬೇಕಿತ್ತು ಅಂತ ನಂಗೆ ಗೊತ್ತಿಲ್ವಾ ಅಕ್ಕ? ನಂಗೇನು, ಅದು ಬೇಡವೇ ಬೇಡ.”

ಬೇಡವಂತೆ! ದೊಡ್ಡತ್ತಿಗೆ ರಾತ್ರಿ ನಿದ್ದೆಗೆಟ್ಟು, ಹಲ್ಲು ಕಡಿದು, ಗೇಣಿನಲ್ಲಿ ಅಳೆದಿಟ್ಟ ಕುರ್ಚಿ ಇವಳಿಗೆ ಬೇಡವಂತೆ. ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಟ್ಟ ಹಾಗೆ ಬಿಟ್ಟುಕೊಟ್ಟಿದ್ದಾಳೆ. ಚಿಕ್ಕತ್ತಿಗೆ ಬೈದಿದ್ದರೆ, ಅಣಕಿಸಿದ್ದರೆ ದೊಡ್ಡತ್ತಿಗೆ ತಡೆದುಕೊಳ್ಳುತ್ತಿದ್ದಳು. ಈ ದೊಡ್ಡ ಮನಸ್ಸನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ. ಕಿವಿಯವರೆಗೂ ಕೆಂಪಾದಳು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ನೇರ ಮಾಲೀಕರ ಕೋಣೆಗೆ ನಡೆದಳು. ನಾನು ಮುರಿದ ಸೂಜಿಯ ಬುಡವನ್ನು ಅಂಗೈಯಲ್ಲಿ ಹಿಡಿದು ಹಿಂದೆಯೇ ಓಡಿದೆ.

ಮಾಲೀಕರು ಬಾಯಿಗೆ ಅನ್ನ ಇಡುವುದರಲ್ಲಿದ್ದರು. “ಸರ್, ಸೂಜಿ ಮುರಿದಿದ್ದು ನನ್ನಿಂದ” ಎಂದಳು ದೊಡ್ಡತ್ತಿಗೆ. “ಅಳೆದ ಮೇಲೆ ಮತ್ತೆ ಓದಿದೀನಿ. ಅವಳದ್ದೇನೂ ತಪ್ಪಿಲ್ಲ. ಅವಳು ಅವತ್ತೇ ಕಂಡುಹಿಡಿದು ನಂಗೋಸ್ಕರ ಸುಮ್ಮನಿದ್ಲು.”

ಮಾಲೀಕರ ಕೈ ಅರ್ಧ ದಾರಿಯಲ್ಲೇ ನಿಂತಿತು. “ಅಲ್ಲಮ್ಮಾ, ಎಲ್ಲಾ ಮುಗಿದು ಹೋಗಿತ್ತಲ್ಲ. ಸದ್ದಿಲ್ಲದೆ ಸರಿ ಮಾಡಿಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಅವಳಿಗೆ ಗೊತ್ತಿರ್ತಿತ್ತು ಸರ್” ಎಂದಳು ದೊಡ್ಡತ್ತಿಗೆ. “ನಾನು ಆ ಕುರ್ಚಿ ಮೇಲೆ ಕೂತಾಗಲೆಲ್ಲ ಅದು ಅವಳು ಕೊಟ್ಟಿದ್ದು ಅಂತ ಅವಳಿಗೆ ಗೊತ್ತಿರ್ತಿತ್ತು. ನಂಗೆ ಬೇಡ. ತಪ್ಪು ನಂದು, ಅದನ್ನಾದ್ರೂ ನನ್ನ ಹೆಸರಿಗೆ ಬಿಡಿ. ಅದನ್ನೂ ಅವಳಿಗೆ ಕೊಡಲ್ಲ.”

ಆಮೇಲೆ ಆಫೀಸಿನವರೆಲ್ಲ ಅವಳ ಪ್ರಾಮಾಣಿಕತೆಯನ್ನು ಹೊಗಳಿದ್ದೇ ಹೊಗಳಿದ್ದು. ಗಿರಾಕಿಯ ಯಜಮಾನಿಯಂತೂ ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದರಂತೆ. ಅಪ್ಪಟ ಹೊಟ್ಟೆಕಿಚ್ಚು ಅದು, ನನ್ನನ್ನು ಕೇಳಿ. ಹೊಟ್ಟೆಕಿಚ್ಚಿನಿಂದಲೂ ಒಮ್ಮೊಮ್ಮೆ ಒಳ್ಳೆಯ ಕೆಲಸವಾಗುತ್ತದೆ ಎಂದು ನಾನು ಅಂದೇ ಕಲಿತೆ. ಗಾಜಿನ ಕೋಣೆಯನ್ನು ಮಾಲೀಕರು ಚಿಕ್ಕತ್ತಿಗೆಗೆ ಕೊಟ್ಟರು. ಬೇಡ ಬೇಡ ಎಂದರೂ ಬಿಡಲಿಲ್ಲ. ಡ್ರೈವರಿನಲ್ಲಿ ದೊಡ್ಡತ್ತಿಗೆ ಒಂದೇ ಸಾಲು ತಿದ್ದಿದಳು. ಸಂಖ್ಯೆಯನ್ನು ಒಮ್ಮೆ ಓದಿ, ತನ್ನ ಬಳಿ ಇಟ್ಟುಕೊಂಡು, ಅದನ್ನೇ ಅಳೆದು, ಅದರಷ್ಟೇ ಸುರಿಯುವುದು. ಹೊಸ ಸೌಲಭ್ಯ ವಾಪಸ್ಸು ಬಂತು. ಮೆಷಿನ್ ನಡೆಸುವ ಹೆಂಗಸೂ ವಾಪಸ್ಸು ಬಂದಳು.

ಆ ಸೋಮವಾರ ಸಂಜೆ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು. ದೊಡ್ಡತ್ತಿಗೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ನಮ್ಮ ಸ್ಟಾಪು ಹತ್ತಿರ ಬಂದಾಗ ತಿರುಗದೆಯೇ ಹೇಳಿದಳು. “ಇನ್ನೇನಾದ್ರೂ ಕಂಡಿದ್ರೆ ಈಗಲೇ ಹೇಳಿಬಿಡು. ಮುಚ್ಚಿಟ್ಟು ದೊಡ್ಡೋಳಾಗ್ಬೇಡ.”

ಚಿಕ್ಕತ್ತಿಗೆ ನನ್ನ ಮುಖ ನೋಡಿದಳು. ನಾನು ಚೀಲದೊಳಗೆ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ.

“ಇನ್ನೂ ಎರಡಿದೆ ಅಕ್ಕ.”

“ಎಲ್ಲಿ?” ಎಂದು ಗಕ್ಕನೆ ತಿರುಗಿದವಳು, ಅವಳು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು. “ಬೇಡ, ಹೇಳ್ಬೇಡ! ನಾನೇ ಹುಡುಕ್ತೀನಿ.”

ವಾರವಿಡೀ ಹುಡುಕಿದಳು. ಊಟದ ಹೊತ್ತಿನಲ್ಲೂ ಏಳಲಿಲ್ಲ. ಶುಕ್ರವಾರ ಎಲ್ಲರೂ ಸೇರಿದ್ದಾಗ ಎದ್ದು ನಿಂತು, ಎರಡಲ್ಲ, ಮೂರು ಸಿಕ್ಕಿದವು ಎಂದಳು. ಎರಡು ಅವಳವೇ. ಮೂರನೆಯದು ಚಿಕ್ಕತ್ತಿಗೆ ಬರೆದದ್ದರಲ್ಲಿತ್ತು. ಒಂದು ಹೊಲಿಗೆಯ ಗಾತ್ರವನ್ನೂ ಹೊಲಿಗೆಗಳ ಸಂಖ್ಯೆಯನ್ನೂ ಗುಣಿಸಿದಾಗ ಉತ್ತರ ತೀರಾ ದೊಡ್ಡದಾದರೆ, ಕಂಪ್ಯೂಟರು ಅದನ್ನು ಹಿಡಿಯಲಾರದೆ ಮತ್ತೆ ಸೊನ್ನೆಯಿಂದ ಎಣಿಸಿ ಚಿಕ್ಕದೆಂದು ತೋರಿಸುತ್ತಿತ್ತು. ದೊಡ್ಡತ್ತಿಗೆ ಅದನ್ನು ಬಹಳ ಮೃದುವಾಗಿ, ಎಲ್ಲರಿಗೂ ಅರ್ಥವಾಗುವಂತೆ, ಎರಡೆರಡು ಸಲ ವಿವರಿಸಿದಳು. “ಎಲ್ಲರೂ ತಪ್ಪು ಮಾಡ್ತಾರೆ, ಬೇಜಾರು ಮಾಡ್ಕೋಬೇಡ ಕಣೇ” ಎಂದೂ ಸೇರಿಸಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕತ್ತಿಗೆಯೂ ತಟ್ಟಿದಳು. ನಾನು ಪಕ್ಕದಲ್ಲೇ ಇದ್ದೆ, ಅವಳ ಕೈಗಳನ್ನೇ ನೋಡುತ್ತಿದ್ದೆ. ಅಂಗೈ ಅಂಗೈಗೆ ತಾಗಲಿಲ್ಲ. ಅಂದು ರಾತ್ರಿ ದೊಡ್ಡತ್ತಿಗೆ ಎರಡನೇ ಸಲ ಬಡಿಸಿಕೊಂಡು ಉಂಡಳು, ಚಿಕ್ಕತ್ತಿಗೆ ತಲೆನೋವೆಂದು ಬೇಗ ಮಲಗಿದಳು.